ಕವಿತೆ, ವ್ಯಾಪಾರ, ಆರ್ಥಿಕ ಇತಿಹಾಸ: ಪುಸ್ತಕ ಕೊಳ್ಳುವಾಗ ನೀವು ಏನು ನೋಡುತ್ತೀರಿ?

ಶಿರಸಿ ಲೆಕ್ಕದಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಅಡಿಕೆ ದಲಾಲರ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಹೊತ್ತು ನಮ್ಮೂರ ಪಂಚಾಯ್ತಿ ಗ್ರಂಥಾಲಯದ ಓದುಗರ ಬಳಗವನ್ನೂ ನೋಡಿಕೊಳ್ಳುತ್ತೇನೆ. ಊರು ಬಿಟ್ಟು ಹೊರಗೆ ನೆಲೆಸಿದ ಒಬ್ಬರು ಪುಸ್ತಕಕ್ಕೆಂದು ಹಣ ಕಳಿಸಿದ್ದಾರೆ. ಜೊತೆಗೊಂದು ಶರತ್ತು: ಕವಿತೆ, ವ್ಯಾಪಾರ-ಉದ್ಯಮದ ಪುಸ್ತಕ, ಆರ್ಥಿಕ ಇತಿಹಾಸ, ಈ ಮೂರನ್ನೇ ತರಬೇಕು. ಕಾದಂಬರಿಯನ್ನು ಯಾರಾದರೂ ಹೇಗೂ ತಂದುಕೊಡುತ್ತಾರೆ ಅನ್ನುವುದು ಅವರ ವಾದ.

ಪಟ್ಟಿ ಮಾಡಲು ಕೂತರೆ ಬಳಗದಲ್ಲಿ ಎರಡು ಪಕ್ಷವಾಯಿತು. ದರ-ಧಾರಣೆಯ ಪುಸ್ತಕ ಓದಿ ಮನಸ್ಸಿಗೇನು ಸಿಗುತ್ತದೆ ಎಂದು ಒಂದು ಕಡೆಯವರು. ಕವಿತೆ ಓದಿದರೆ ತೋಟಕ್ಕೇನು ಬಂತು ಎಂದು ಇನ್ನೊಂದು ಕಡೆಯವರು. ನನಗೆ ಮೂರೂ ಬೇಕು. ಆದರೆ ಒಳ್ಳೆಯದು ಯಾವುದು, ಸುಮ್ಮನೆ ದಪ್ಪಗಿರುವುದು ಯಾವುದು ಎಂದು ಆರಿಸಲು ನಿಮ್ಮ ಅನುಭವ ಬೇಕು.

ನನ್ನ ಅಳತೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ಬದಲಾವಣೆ ಬಂತು ಎಂದು ಪುಸ್ತಕ ಹೇಳಿದರೆ, ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂಬುದು ಕಾಣಬೇಕು. ಕೊಳೆರೋಗವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕೊಳೆ ಬಿದ್ದರೆ ಎಳೆ ಅಡಿಕೆ ರಾಶಿ ರಾಶಿ ಉದುರುತ್ತದೆ. ಹಿಂದಿನವರು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟಿ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು-ಸುಣ್ಣ ಹೊಡೆಯುವುದನ್ನು ಮಲೆನಾಡಿನ ತೋಟಗಳಲ್ಲಿ ತೋರಿಸಿಕೊಟ್ಟರು. ಬೆಳೆ ಉಳಿಯಿತು. ಬಹಳ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನನಗೆ ಬೇಕಾದ್ದು ಮುಂದಿನ ಪುಟ. ಕೊಟ್ಟೆಗೆ ಬೇಕಾದ್ದೆಲ್ಲ ತೋಟ-ಬೆಟ್ಟದಲ್ಲೇ ಸಿಗುತ್ತಿತ್ತು. ಮೈಲುತುತ್ತನ್ನು ದುಡ್ಡು ಕೊಟ್ಟೇ ತರಬೇಕು, ಅದೂ ಮಳೆಗೆ ಮುಂಚೆ, ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ. ಇವತ್ತಿಗೂ ನಾನು ಬರೆಯುವ ಖಾತೆಗಳಲ್ಲಿ ಜೂನ್ ತಿಂಗಳ ಮುಂಗಡಕ್ಕೆ ಎದುರು ಇರುವುದು ಅವೇ ಎರಡು: ಮೈಲುತುತ್ತು, ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡನ ಕೂಲಿ. 1923ರಲ್ಲಿ ಬೆಳೆಗಾರರೇ ಸೇರಿ ಇಲ್ಲಿ ಟಿ.ಎಸ್.ಎಸ್., ಅಂದರೆ ತೋಟಗಾರರ ಸಹಕಾರಿ ಮಾರಾಟ ಸಂಘ, ಕಟ್ಟಿಕೊಂಡರು. ಔಷಧ, ಮುಂಗಡ, ಮಾರಾಟ ಈ ಮೂರನ್ನೂ ಒಂದೇ ಅಧ್ಯಾಯದಲ್ಲಿ ಕೂಡಿಸಿ ಹೇಳುವ ಪುಸ್ತಕ ಸಿಕ್ಕಿದರೆ ನಾನು ಬೆಲೆ ನೋಡುವುದಿಲ್ಲ.

ಕವಿತೆಯ ವಿಷಯದಲ್ಲಿ ನನ್ನದು ಒಂದೇ ಪರೀಕ್ಷೆ. ಗಟ್ಟಿಯಾಗಿ ಓದಿಸಿದಾಗ ಬಳಗದಲ್ಲಿ ಯಾರಾದರೂ "ಇನ್ನೊಮ್ಮೆ ಓದಿ" ಅನ್ನಬೇಕು.

ನೀವು ಏನು ನೋಡುತ್ತೀರಿ, ಹೇಳಿ.

ಉಡುಪಿಯ ನಿವೃತ್ತ ಗುಮಾಸ್ತ

ಮೇಡಂ, ನಾನು ಬ್ಯಾಂಕಿನಲ್ಲಿ ಕೌಂಟರಿನ ಈಚೆ ಕೂತು ಬದುಕು ಕಳೆದವ. ಉದ್ಯಮದ ಪುಸ್ತಕ ತೆರೆದ ಕೂಡಲೇ ನಾನು ಹುಡುಕುವುದು ಸಣ್ಣ ಮೊತ್ತಗಳನ್ನು.

ಉದಾಹರಣೆ ನಮ್ಮೂರಿನದೇ. ಹಾಜಿ ಅಬ್ದುಲ್ಲಾ ಸಾಹೇಬರು 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರು ಮಾಡಿದರು, ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು ಅದೇ. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿದಾಗ ಲೆಕ್ಕದಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ 2 ಪೈ ನೋಡಿ ಮಾರಾಯ್ರೆ! "ಸುಮಾರು 40 ರೂಪಾಯಿ" ಎಂದು ಬರೆದಿದ್ದರೆ ನಾನು ಪುಟ ಮಗುಚಿ ಮುಂದೆ ಹೋಗುತ್ತಿದ್ದೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಷ್ಟು ಸಣ್ಣ ನಾಣ್ಯವನ್ನೂ ಎಣಿಸಿ ಬರೆದವರ ಕೈ ಅಲ್ಲಿ ಕಾಣುತ್ತದೆ. ಅಂಥ ಬ್ಯಾಂಕಿಗೆ ಜನ ದುಡ್ಡು ಯಾಕೆ ಕೊಟ್ಟರು ಎಂಬುದೂ ಗೊತ್ತಾಗುತ್ತದೆ.

ಆರ್ಥಿಕ ಇತಿಹಾಸದ ಪುಸ್ತಕವಾದರೆ ಅದೇ ವರ್ಷದ ಬೇರೆ ಸಂಗತಿಗಳನ್ನೂ ಪಕ್ಕದಲ್ಲಿ ತಂದಿಡಬೇಕು. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು, ಇಂದಿನ ಕೆನರಾ ಬ್ಯಾಂಕ್. ಅದೇ ವರ್ಷ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪೆನಿ ಮುಳುಗಿ ಸಾವಿರಾರು ಜನರ ಠೇವಣಿ ಹೋಯಿತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ್ದು, ಸುದ್ದಿ ಇಲ್ಲಿಗೆ ಬಾರದೆ ಇರುತ್ತದೆಯೇ? ಬಿಳಿಯರ ದೊಡ್ಡ ಕಂಪೆನಿ ಮುಳುಗಿದ ವರ್ಷವೇ ಊರಿನವರ ಸಣ್ಣ ಸಂಸ್ಥೆಗಳು ನಿಂತವು. ಈ ಮೂರನ್ನು ಮೂರು ಪುಸ್ತಕಗಳಲ್ಲಿ ಚದುರಿಸಿಟ್ಟರೆ ಓದುಗರಿಗೆ ಏನೂ ದಕ್ಕುವುದಿಲ್ಲ.

ಇನ್ನೊಂದು, ಪಿಗ್ಮಿ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಈ ಉಳಿತಾಯ ಯೋಜನೆ ತಂದಿತು. ದಿನಕ್ಕೆ 2 ಆಣೆಯಾದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಾರೆ. ದಿನಗೂಲಿಯವ ಬ್ಯಾಂಕಿಗೆ ನಡೆದು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಬ್ಯಾಂಕೇ ನಡೆಯಿತು. ಯೋಜನೆಯ ಹಿಂದಿನ ಈ ಯೋಚನೆಯನ್ನು ಬಿಡಿಸಿ ಹೇಳುವ ಪುಸ್ತಕವೇ ಉದ್ಯಮದ ಪುಸ್ತಕ. ಸ್ಥಾಪಕರಿಗೆ ಹಾರ ಹಾಕಿದ ಫೋಟೊ, ಗಣ್ಯರ ಸಂದೇಶ ತುಂಬಿದ ಸ್ಮರಣ ಸಂಚಿಕೆಗಳನ್ನು ದಯವಿಟ್ಟು ತರಬೇಡಿ. ಸಾಲ ಮುಳುಗಿದ ವರ್ಷ ಅವುಗಳಲ್ಲಿ ಇರುವುದೇ ಇಲ್ಲ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಬೋರ್ಡು ಇಳಿದ ಮೇಲೆ ಪುಸ್ತಕವಾದರೂ ಸರಿಯಾಗಿ ಇರಬೇಕು ಎಂಬ ಹಂಬಲ ನನಗೆ.

ಹುಬ್ಬಳ್ಳಿ ಅರಳೆ ಪ್ಯಾಟಿ

ಅಕ್ಕಾರ, ಕವಿತಾ ಪಕ್ಷದಿಂದ ನಾ ಮಾತಾಡ್ತೀನ್ರಿ. ನಮ್ಮಪ್ಪ ಹತ್ತಿ ಅಡತಿ ಮಾಡತಿದ್ರು, ನಾನೂ ಅದರಾಗ ಇದ್ದೀನಿ, ಖರೇ ಹೇಳಬೇಕಂದ್ರ ರೊಕ್ಕದ ಬಗ್ಗೆ ನನಗ ಭಾಳ ಕಲಿಸಿದ್ದು ಬೇಂದ್ರೆ ಅಜ್ಜಾರು. "ಕುರುಡು ಕಾಂಚಾಣ" ಓದ್ರಿ. ರೊಕ್ಕ ಅನ್ನೋದು ಅಲ್ಲಿ ಮೈಮ್ಯಾಲೆ ದೇವಿ ಬಂದಂಗ ಕುಣೀತದ. ಅದರ ಕಾಲಾನ ಗೆಜ್ಜಿ ಎದರದು, ಕೊರಳಾನ ಸರ ಎದರದು, ಹಣಿಗೆ ಬಡಕೊಂಡ ಭಂಡಾರ ಯಾರ ಮೈ ಧೂಳು ಅಂತ ಒಂದೊಂದಾಗಿ ತೋರಿಸ್ತಾರ. ಬಾಣಂತಿ ಎಲುಬು, ಕೂಸುಗಳ ಕಣ್ಣು, ಕೂಲಿಯವರ ತೊಗಲು. ನೀವು "ಭಾರ ಯಾರ ಹೆಗಲಿಗೆ" ಅಂತ ಕೇಳಿದ್ರೆಲ್ಲಾ, ಅದಕ್ಕ ಉತ್ತರ ಅಲ್ಲೇ ಅದ. ಆಮ್ಯಾಲೆ ರೊಕ್ಕ ಗುಡಿಯೊಳಗ ಒಂದು ಸಪ್ಪಳ ಮಾಡ್ತದ, ಮಾಳಿಗಿ ಮ್ಯಾಲೆ ಒಂದು, ಅಂಗಡಿಯೊಳಗ ಇನ್ನೊಂದು. ದಿನಾ ಗಲ್ಲೇದ ಮ್ಯಾಲೆ ಕೂಡೋ ನನಗ ಆ ಮೂರನೇ ಸಪ್ಪಳ ಕೇಳಿದಾಗ ಮೈ ಝುಂ ಅಂತು. ಯಾವ ಇತಿಹಾಸದ ಪುಸ್ತಕಕ್ಕೂ ಇದು ಆಗಂಗಿಲ್ಲ.

ಅದಕ್ಕ ನನ್ನ ವಿನಂತಿ ಏನಂದ್ರ, ಕವಿತಾದಾಗ ಮಾಹಿತಿ ಹುಡುಕಬ್ಯಾಡ್ರಿ. ಕಿವಿ ಇಟ್ಟು ಓದ್ರಿ, ಸಾಕು.

ಇತಿಹಾಸದ ಪುಸ್ತಕಕ್ಕ ನನ್ನ ಪರೀಕ್ಷಾ ಬ್ಯಾರೆ. ದೂರದ ಸುದ್ದಿ ನಮ್ಮ ಹೊಲಕ್ಕ ಹೆಂಗ ಮುಟ್ಟಿತು ಅಂತ ದಾರಿ ತೋರಿಸಬೇಕು. 1861ರಿಂದ 1865ರ ತನಕ ಅಮೆರಿಕದಾಗ ಅಂತರ್ಯುದ್ಧ. ಅಲ್ಲಿ ಹತ್ತಿ ಲಂಕಾಶೈರ್ ಗಿರಣಿಗೆ ಹೋಗೋದು ನಿಂತು. ಧಾರವಾಡ ಸೀಮಿ ಹತ್ತಿಗೆ ಬಂಗಾರದ ಬೆಲಿ ಬಂತು. ಆಗ ಇಲ್ಲಿ ರೈಲ್ ಎಲ್ಲಿತ್ರಿ? ಚಕ್ಕಡಿ ಒಳಗ ಹೇರಿ ನಿಮ್ಮ ಶಿರಸಿ ಮ್ಯಾಲೇ ಹಾದು ದೇವಿಮನೆ ಘಟ್ಟ ಇಳದು ಕುಮಟಾ ಬಂದರಕ್ಕ ಒಯ್ಯತಿದ್ರು, ಅಲ್ಲಿಂದ ಹಡಗಿನಾಗ ಮುಂಬೈಗೆ. ಮಾರ್ಕೆಟ್ಟಿನಾಗ ನಮ್ಮ ಹತ್ತಿಗೆ ಹೆಸರು ಬಿದ್ದದ್ದೂ "ಕುಮಟಾ ಹತ್ತಿ" ಅಂತ. ಯುದ್ಧ ಮುಗೀತು, ಬೆಲಿ ಕುಸೀತು. 1880ರ ದಶಕದಾಗ ರೈಲ್ ಬಂದ ಮ್ಯಾಲೆ ಕುಮಟಾ ಬಂದರದ ಹತ್ತಿ ವ್ಯಾಪಾರಾನೂ ಇಳೀತು. ಬೆಲಿ ಏರಿದಾಗ ಸಾಲ ಮಾಡಿ ಹೊಲಾ ಹಿಡದವ, ಘಟ್ಟದಾಗ ಚಕ್ಕಡಿ ಹೊಡೀತಿದ್ದವ, ಆಮ್ಯಾಲೆ ಇಬ್ರೂ ಏನಾದ್ರು? ಅದನ್ನ ಹೇಳದ ಪುಸ್ತಕ ನನಗ ಅರ್ಧಾ ಪುಸ್ತಕ.

ಬೆಂಗಳೂರಿನ ಸಣ್ಣ ಕಾರ್ಖಾನೆ

ನನ್ನದು ಚುಟುಕು ಉತ್ತರ. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇದೆ, ಓದಲು ಸಿಗುವುದು ರಾತ್ರಿ ಅರ್ಧ ಗಂಟೆ. ನಾನು ನೋಡುವುದು: ಮೊದಲ ಗಿರಾಕಿ ಯಾರು ಎಂದು ಪುಸ್ತಕ ಹೇಳುತ್ತದೆಯೇ? ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ದುಡ್ಡು ಕೊಡುವ ಗಿರಾಕಿ ಮೊದಲು ಗೊತ್ತಾಗಿದ್ದರಿಂದಲೇ ಅಷ್ಟು ದೂರ ತಂತಿ ಎಳೆಯುವ ಧೈರ್ಯ ಬಂತು. ಎಂಜಿನಿಯರುಗಳ ಸಾಹಸದ ಜೊತೆ ಈ ಕರಾರಿನ ಕತೆಯನ್ನೂ ಬರೆದವರ ಪುಸ್ತಕವನ್ನು ನಾನು ಕೊಂಡು ಓದುತ್ತೇನೆ. ಕವಿತೆ ನಾನು ಓದುವುದಿಲ್ಲ, ಆದರೆ ಹುಬ್ಬಳ್ಳಿಯವರು ಹೇಳಿದ್ದನ್ನು ಇವತ್ತೇ ಹುಡುಕುತ್ತೇನೆ.

ಶಿವಮೊಗ್ಗದ ಶಾಸನದ ಹುಚ್ಚು

ಅಕ್ಕ, ಕವಿತೆ, ವ್ಯಾಪಾರ, ಆರ್ಥಿಕ ಇತಿಹಾಸ ಮೂರೂ ಒಂದೇ ಕಲ್ಲಿನ ಮೇಲೆ ಇದ್ದರೆ? ನಮ್ಮ ಶಿಕಾರಿಪುರದ ಕಡೆ 11ನೇ ಶತಮಾನದ ಶಾಸನವೊಂದಿದೆ, ಅಯ್ಯಾವೊಳೆ ಐನೂರ್ವರ ಪ್ರಶಸ್ತಿ, ಅಂದರೆ ಹೊಗಳಿಕೆಯ ಭಾಗ, ಇರುವುದು. ಐಹೊಳೆಯಿಂದ ಹೆಸರು ಪಡೆದ ವರ್ತಕರ ಸಂಘ ಅದು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ ಎಂದು ತಾವು ತಿರುಗಿದ ನಾಡುಗಳನ್ನು ಎಣಿಸುತ್ತಾರೆ. ಆನೆ, ಕುದುರೆ, ಇಂದ್ರನೀಲ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಎಂದು ಸರಕುಗಳನ್ನು ಎಣಿಸುತ್ತಾರೆ. ಓದುತ್ತಾ ಹೋದರೆ ಲಯ ಹಿಡಿಯುತ್ತದೆ, ಪದ್ಯದಷ್ಟೇ ಸೊಗಸು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇಂಥ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದರು.

ಆದರೆ ಪ್ರಶಸ್ತಿ ವರ್ತಕರು ತಮ್ಮನ್ನೇ ಹೊಗಳಿಕೊಂಡದ್ದು, ಉಡುಪಿಯವರು ಹೇಳಿದ ಸ್ಮರಣ ಸಂಚಿಕೆಯ ಪೂರ್ವಜ. ಇತಿಹಾಸ ಬೇಕಾದವರು ಶಾಸನಗಳ ದತ್ತಿಯ ಭಾಗಕ್ಕೆ ಬರಬೇಕು. ಎಲೆಯ ಹೇರಿಗೆ ಇಷ್ಟು, ಅಡಿಕೆಯ ಹೇರಿಗೆ ಇಷ್ಟು, ಎಣ್ಣೆ ಗಾಣಕ್ಕೆ ಇಷ್ಟು ಎಂದು ದೇವಸ್ಥಾನಕ್ಕೆ ಬಿಟ್ಟ ಸುಂಕದ ಲೆಕ್ಕ ಇರುವುದು ಅಲ್ಲಿ. ಎರಡೂ ಭಾಗವನ್ನು ಕೊಟ್ಟು, ಎರಡಕ್ಕೂ ಟಿಪ್ಪಣಿ ಬರೆದ ಸಂಪಾದಕರನ್ನು ನಾನು ನಂಬುತ್ತೇನೆ.

ಇನ್ನೊಂದು ಬೇಡಿಕೆ, ಇದರಲ್ಲಿ ನಾನು ಹಟಮಾರಿ: ಅಳತೆ-ತೂಕದ ಕೋಷ್ಟಕ ಇರಲೇಬೇಕು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ನಾಡು ತಿರುಗಿ ಬರೆದಿಟ್ಟದ್ದನ್ನು ಇಂದಿಗೂ ಬಳಸಬಹುದಾದರೆ ಕಾರಣ ಇದೇ. ಸೇರು ಎಂದು ಬರೆದು ಸುಮ್ಮನಾಗದೆ ಆ ಊರಿನ ಸೇರು ಎಷ್ಟು ತೂಗುತ್ತದೆ ಎಂದು ಕೇಳಿ ಬರೆದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದು, ಅದು ದೂರದ ಊರುಗಳಿಗೆಲ್ಲ ಹೋಗುತ್ತಿದ್ದುದು ಅವನ ಪುಟಗಳಲ್ಲಿದೆ. ಕಂಪನಿ ಸರ್ಕಾರಕ್ಕೆ ಆದಾಯದ ಮೂಲ ತೋರಿಸಲು ಬಂದವ ಎಂಬುದನ್ನು ಮಾತ್ರ ಓದುವಾಗ ನೆನಪಿಟ್ಟುಕೊಳ್ಳಬೇಕು. ಏನು ಕೇಳಿದ, ಏನು ಕೇಳಲಿಲ್ಲ ಎಂಬುದು ಅದರಿಂದಲೇ ತೀರ್ಮಾನವಾಗಿದೆ.

ಶಿರಸಿ ಲೆಕ್ಕದಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಹುಬ್ಬಳ್ಳಿ ಅಣ್ಣ, ಹತ್ತಿಯ ಚಕ್ಕಡಿ ನಮ್ಮ ಪೇಟೆ ಹಾದು ಹೋಗುತ್ತಿತ್ತು ಎಂಬುದನ್ನು ಬಳಗದಲ್ಲಿ ಓದಿ ಹೇಳಿದೆ. ಕವಿತೆ ಪಕ್ಷದವರೇ ಮೊದಲು ನಕಾಶೆ ಕೇಳಿದರು! ಹಾಗಾಗಿ ನಮ್ಮ ಅಳತೆಗೆ ಇನ್ನೊಂದು ಸೇರಿತು: ಊರು-ದಾರಿಗಳ ನಕಾಶೆ ಇಲ್ಲದ ಆರ್ಥಿಕ ಇತಿಹಾಸವನ್ನು ಎರಡನೇ ಸುತ್ತಿಗೆ ಇಡುತ್ತೇವೆ. ಬರುವ ವಾರ "ಕುರುಡು ಕಾಂಚಾಣ" ಮತ್ತು ಉಡುಪಿಯ ಮೊದಲ ದಿನದ ಲೆಕ್ಕ ಎರಡನ್ನೂ ಒಂದೇ ಸಂಜೆ ಓದುತ್ತೇವೆ.

ಉಡುಪಿ ರಾಯರಿಗೆ ಒಂದು ಪ್ರಶ್ನೆ. ದಿನಾ ಪಿಗ್ಮಿ ಕಟ್ಟಿದವರು ಅವಧಿ ಮುಗಿದು ಹಣ ಕೈಗೆ ಬಂದಾಗ ಏನು ಮಾಡುತ್ತಿದ್ದರು? ಬ್ಯಾಂಕಿನ ಚರಿತ್ರೆಗಳಲ್ಲಿ ಹಣ ಒಳಗೆ ಬಂದದ್ದೇ ಹೆಚ್ಚು, ಹೊರಗೆ ಹೋದ ಮೇಲಿನದು ಕಾಣುವುದಿಲ್ಲ.

ಉಡುಪಿಯ ನಿವೃತ್ತ ಗುಮಾಸ್ತ

ಕೌಂಟರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಾಲೆ ಶುರುವಾಗುವ ಜೂನ್ ತಿಂಗಳಿನಲ್ಲಿ ಹಣ ತೆಗೆಯುವವರು ಬಹಳ. ಮಳೆಗೆ ಮುಂಚೆ ಮಾಡಿನ ಹಂಚು ಬದಲಿಸುವವರು, ಮಗಳ ಮದುವೆಗೆ ಕರಿಮಣಿ ಮಾಡಿಸುವವರು. ಮೀನು ಮಾರುವ ಒಬ್ಬರು ಪ್ರತಿ ಸಲ ಪೂರ್ತಿ ಹಣ ತೆಗೆದು, ಎಣಿಸಿ, ಅದರಿಂದಲೇ ಸ್ವಲ್ಪ ತೆಗೆದು ಅಲ್ಲೇ ಹೊಸ ಖಾತೆ ತೆರೆಯುತ್ತಿದ್ದರು. ಹೊಲಿಗೆ ಮೆಶಿನ್ ಕೊಂಡ ದರ್ಜಿಯೊಬ್ಬರು ಆಮೇಲೆ ನಮ್ಮಲ್ಲೇ ಸಾಲ ಕೇಳಿದಾಗ, ಅವರ ಪಿಗ್ಮಿ ಕಾರ್ಡನ್ನೇ ನೋಡಿ ಮ್ಯಾನೇಜರು ಒಪ್ಪಿದರು. ಒಂದು ದಿನವೂ ಖಾಲಿ ಇರಲಿಲ್ಲ. ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ ಮೇಡಂ. ಹಳೆಯ ಏಜೆಂಟರು ಇನ್ನೂ ಕೆಲವರು ಇಲ್ಲಿದ್ದಾರೆ, ಅವರ ಮಾತುಗಳನ್ನು ಕೂತು ಬರೆದುಕೊಳ್ಳಲು ಯಾರಾದರೂ ಮುಂದೆ ಬಂದರೆ ಮನೆ ತೋರಿಸಲು ನಾನು ಸಿದ್ಧ.