ಕೌನ್ಸೆಲರ್ ಆಡಿದ ಮಾತು ನಾಟಿದೆ. ಮತ್ತೆ ಹೋಗಲಾ, ಬಿಡಲಾ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ):
ಮೇಡಂ, ನಮಸ್ಕಾರ. ನಮ್ಮೂರು ರಾಯಚೂರು ಕಡೆ. ಬೆಂಗಳೂರಿನಲ್ಲಿ ಕೆಲಸ. ನಾಲ್ಕು ತಿಂಗಳಿಂದ ನಿದ್ದೆ ಸರಿಯಿಲ್ಲ. ಬೆಳಿಗ್ಗೆ ಆಫೀಸು ಅಂದರೆ ಎದೆ ಡವಡವ ಅನ್ನುತ್ತದೆ. ಒಬ್ಬ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಮೃದುವಾಗಿ ಮಾತಾಡುತ್ತಾರೆ. ಮೊದಲ ದಿನವೇ "ನಿಮ್ಮ ಮನೆದೇವರು ಯಾವುದು?" ಅಂತ ಕೇಳಿದರು. ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಮೂರನೇ ಸಲ ನಾನೇ ಹೇಳಿದೆ, ನಾವು ದಲಿತರು, ನನಗೆ ಇಂಜಿನಿಯರಿಂಗ್ ಸೀಟು ಹೇಗೆ ಸಿಕ್ಕಿತು ಅಂತ ಟೀಮಿನವರು ಊಟದ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಾರೆ ಅಂತ. ಅದಕ್ಕೆ ಅವರು, "ಅಯ್ಯೋ, ನಿಮ್ಮನ್ನ ನೋಡಿದ್ರೆ ಹಾಗೆ ಅನ್ಸೋದೇ ಇಲ್ಲ. ನೀವೇ ಜಾಸ್ತಿ ಯೋಚನೆ ಮಾಡ್ತಿದ್ದೀರಿ. ಬೆಂಗಳೂರಲ್ಲಿ ಈಗ ಅದನ್ನೆಲ್ಲ ಯಾರು ನೋಡ್ತಾರೆ?" ಅಂದರು. ಆಮೇಲಿಂದ ನಾನು ಬರೀ ನಿದ್ದೆಯ ವಿಷಯ ಮಾತಾಡಿ ಬರುತ್ತಿದ್ದೇನೆ. ನಾನೇ ಸಣ್ಣದನ್ನು ದೊಡ್ಡದು ಮಾಡುತ್ತಿದ್ದೇನಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ನಮಸ್ಕಾರ. ಇಲ್ಲ, ನೀವು ದೊಡ್ಡದು ಮಾಡುತ್ತಿಲ್ಲ. ನಿಮ್ಮ ಕೊನೆಯ ಪ್ರಶ್ನೆ ಓದಿ ನನಗೆ ಬೇಜಾರಾಯಿತು. ನೋವಾದವರೇ "ತಪ್ಪು ನನ್ನದಾ" ಅಂತ ಕೇಳುವ ಹಾಗೆ ಮಾಡಿದ ಮಾತು ಸಣ್ಣದಲ್ಲ.

ಇಂಥ ಮಾತಿಗೆ ಮೈಕ್ರೋಅಗ್ರೆಶನ್ ಅನ್ನುತ್ತಾರೆ. 1970ರಲ್ಲಿ ಈ ಪದ ತಂದವರು ಹಾರ್ವರ್ಡ್‌ನ ಕಪ್ಪು ಜನಾಂಗದ ಮನೋವೈದ್ಯ ಚೆಸ್ಟರ್ ಪಿಯರ್ಸ್. ಅಮೆರಿಕದಲ್ಲಿ ಬಿಳಿಯರು ಕರಿಯರಿಗೆ ದಿನನಿತ್ಯ ಮಾಡುವ ಸಣ್ಣ ಸಣ್ಣ ಅವಮಾನಗಳಿಗೆ ಅವರು ಇಟ್ಟ ಹೆಸರು ಇದು. 2007ರಲ್ಲಿ ಡೆರಾಲ್ಡ್ ವಿಂಗ್ ಸೂ ಮತ್ತು ಜೊತೆಗಾರರು ಇದು ಚಿಕಿತ್ಸೆಯ ಕೋಣೆಯೊಳಗೂ ನಡೆಯುತ್ತದೆ ಅಂತ ವಿವರವಾಗಿ ಬರೆದರು. ಅಲ್ಲಿ ಬಣ್ಣ, ನಮ್ಮಲ್ಲಿ ಜಾತಿ. ಆಡಿದವರಿಗೆ ಬಹಳ ಸಲ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೂ ಮುಳ್ಳು ಮುಳ್ಳೇ.

ನಿಮ್ಮ ಕೌನ್ಸೆಲರ್ ಮಾತಿನಲ್ಲಿ ಎರಡು ಮುಳ್ಳಿವೆ. "ಹಾಗೆ ಅನ್ಸೋದಿಲ್ಲ" ಅನ್ನುವುದು ಅವರ ಲೆಕ್ಕದಲ್ಲಿ ಹೊಗಳಿಕೆ. ದಲಿತರು ಹೀಗೇ ಇರುತ್ತಾರೆ ಅನ್ನುವ ಒಂದು ಚಿತ್ರ ತಲೆಯಲ್ಲಿದ್ದರೆ ಮಾತ್ರ ಅದು ಹೊಗಳಿಕೆ ಆಗುತ್ತದೆ.

ಎರಡನೆಯದು, "ನೀವೇ ಜಾಸ್ತಿ ಯೋಚನೆ ಮಾಡ್ತಿದ್ದೀರಿ." ನಮ್ಮ ಕೆಲಸದಲ್ಲಿ ನನಗೆ ಹೆಚ್ಚು ಭಯ ಇದರದ್ದೇ. ಯಾಕೆ ಅಂತ ಹೇಳುತ್ತೇನೆ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವ, ಯೋಚನೆಗಳನ್ನು ಒರೆಗೆ ಹಚ್ಚಿ ನೋಡುವ ಚಿಕಿತ್ಸೆಯಲ್ಲಿ ನಾವು "ಈ ಯೋಚನೆಗೆ ಪುರಾವೆ ಏನಿದೆ?" ಅಂತ ಕೇಳುತ್ತೇವೆ. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವ ಯೋಚನೆಗೆ ಅದು ಒಳ್ಳೆಯ ಪ್ರಶ್ನೆ. ಆದರೆ "ನನ್ನ ಸೀಟಿನ ಬಗ್ಗೆ ಅವರು ಮಾತಾಡಿಕೊಂಡರು" ಅನ್ನುವುದು ಯೋಚನೆ ಅಲ್ಲ, ನಡೆದ ಘಟನೆ. ಅದನ್ನೂ ತಪ್ಪು ಯೋಚನೆಗಳ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ? ಆಫೀಸಿನವರ ತಪ್ಪು ನಿಮ್ಮ ತಲೆಯ ಕಾಯಿಲೆ ಆಗುತ್ತದೆ. ಘಟನೆಯನ್ನು ಘಟನೆ ಅಂತ ಮೊದಲು ಒಪ್ಪಬೇಕು. "ಅದರಿಂದ ನಾನು ಕೀಳು" ಅಂತ ನಿಮ್ಮೊಳಗೆ ಬಂದಿದ್ದರೆ ಕೆಲಸ ಮಾಡಬೇಕಾದದ್ದು ಅದರ ಮೇಲೆ. ಈ ಎರಡರ ನಡುವಿನ ಗೆರೆ ಗೊತ್ತಿಲ್ಲದೆ ಸಿಬಿಟಿ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹೋಗುವುದಾ, ಬಿಡುವುದಾ ಅನ್ನುವ ವಿಷಯ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ಅಲ್ಪಸಂಖ್ಯಾತ ಜನಾಂಗದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಥೆರಪಿಸ್ಟರಿಂದಲೇ ಇಂಥ ಮಾತು ಕೇಳಿದ್ದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ವಿಷಯದಲ್ಲಿ ಆ ಮಾತು ಚರ್ಚೆಗೇ ಬರಲಿಲ್ಲ. ಚರ್ಚೆಗೆ ಬಂದು ಸರಿಹೋದ ಕಡೆ ಇಬ್ಬರ ನಡುವಿನ ನಂಬಿಕೆ, ಏನೂ ಆಗದವರಷ್ಟೇ ಚೆನ್ನಾಗಿತ್ತು.

ಹಾಗಾಗಿ ನಿಮಗೆ ಶಕ್ತಿ ಇದ್ದರೆ ಒಂದು ಸಲ ಹೇಳಿ ನೋಡಿ. "ಅವತ್ತು ನೀವು ಹಾಗೆ ಅಂದ್ರಿ. ಆಮೇಲೆ ಆಫೀಸಿನ ವಿಷಯ ನಿಮ್ಮ ಹತ್ತಿರ ಹೇಳೋಕೆ ಆಗ್ತಿಲ್ಲ." ಇಷ್ಟು ಸಾಕು, ವಾದ ಬೇಡ. ಹೇಳಿದ ಮೇಲೆ ಅವರನ್ನು ಗಮನಿಸಿ. "ತಪ್ಪಾಯಿತು, ಆಗ ನಿಮಗೆ ಏನನ್ನಿಸಿತು?" ಅಂತ ಕೇಳಿದರೆ ಅವರ ಹತ್ತಿರ ಮುಂದುವರಿಯಬಹುದು. "ನಾನು ಆ ಅರ್ಥದಲ್ಲಿ ಹೇಳಲಿಲ್ಲ, ನಮ್ಮ ಮನೆಯಲ್ಲಿ ನಾವು ಜಾತಿ ನೋಡುವುದೇ ಇಲ್ಲ" ಅಂತ ಶುರುವಾಗಿ, ಕೊನೆಗೆ ನೀವೇ ಅವರನ್ನು ಸಮಾಧಾನ ಮಾಡುವ ಹಾಗಾದರೆ ಬೇರೆಯವರನ್ನು ಹುಡುಕಿ. ಏನೂ ಹೇಳದೆ ಬಿಟ್ಟರೂ ತಪ್ಪಿಲ್ಲ. ಕೌನ್ಸೆಲರಿಗೆ ಪಾಠ ಹೇಳುವ ಹೊಣೆ ದುಡ್ಡು ಕೊಟ್ಟು ಬಂದವರದ್ದಲ್ಲ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ):
ಮೇಡಂ, ನಮ್ಮ ಕೇಸ್ ಶೀಟಿನಲ್ಲೇ ಧರ್ಮ, ಜಾತಿ ಅಂತ ಕಾಲಂ ಇದೆ. ಕೇಳಿದರೆ ತಪ್ಪು, ಕೇಳದಿದ್ದರೂ ತಪ್ಪು ಅಂದರೆ ನಾವೇನು ಮಾಡಬೇಕು?

ಉತ್ತರ:
ಕೇಳುವುದು ತಪ್ಪಲ್ಲಪ್ಪ. ಸುತ್ತಿಬಳಸಿ ಪತ್ತೆ ಮಾಡುವುದು ತಪ್ಪು. ಮನೆದೇವರು ಯಾವುದು, ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ, ಮನೆಯಲ್ಲಿ ನಾನ್‌ವೆಜ್ ಮಾಡುತ್ತೀರಾ, ಊರಲ್ಲಿ ನಿಮ್ಮ ಮನೆ ಯಾವ ಕಡೆ? ಇವೆಲ್ಲ ಯಾಕೆ ಕೇಳುತ್ತಾರೆ ಅಂತ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಬಾಡಿಗೆ ಮನೆ ಹುಡುಕುವಾಗಲೇ ಕೇಳಿಸಿಕೊಂಡಿರುತ್ತಾರೆ. ಹರಕೆಯ ವಿಷಯ ಬಂದಾಗ, ಮೈಮೇಲೆ ದೇವರು ಬರುತ್ತದೆ ಅಂದಾಗ, ಮನೆದೇವರ ಬಗ್ಗೆ ಕೇಳಲೇಬೇಕು. ಆಗ ಪ್ರಶ್ನೆಗೆ ಕಾರಣ ಅವರಿಗೂ ಕಾಣುತ್ತದೆ.

ಆ ಕಾಲಮ್ಮಿಗೆ ಬಂದಾಗ ನಾನು ಹೀಗೆ ಹೇಳುತ್ತೇನೆ: "ಜಾತಿ, ಧರ್ಮ, ಭಾಷೆ, ಊರು, ಇವುಗಳಿಂದ ನಿಮಗೆ ಎಲ್ಲಾದರೂ ನೋವಾಗಿದ್ದರೆ ಅದೂ ಇಲ್ಲಿ ಮಾತಾಡುವ ವಿಷಯವೇ. ಈಗಲೇ ಹೇಳಬೇಕು ಅಂತಿಲ್ಲ. ಈ ಕಾಲಂ ಖಾಲಿ ಬಿಡಬಹುದು." ಮಾತು ಗುಟ್ಟಾಗಿ ಉಳಿಯುತ್ತದೆ ಅಂತ ಮೊದಲು ಹೇಳಿ, ಆಮೇಲೆ ಇದು.

ನೀವು ಎಷ್ಟು ಎಚ್ಚರ ಇದ್ದರೂ ಒಂದು ದಿನ ತಪ್ಪುತ್ತೀರಿ. ನಾನೂ ತಪ್ಪಿದ್ದೇನೆ. ಕೆಲಸ ಶುರುಮಾಡಿದ ಹೊಸತು. ಮಂಡ್ಯ ಕಡೆಯ ಒಬ್ಬ ಹಿರಿಯರು "ಹಾಸ್ಪತ್ರೆ" ಅಂದರು. ನಾನು ಸುಮ್ನೆ ಇರದೆ "ಆಸ್ಪತ್ರೆನಾ?" ಅಂತ ನಕ್ಕು ತಿದ್ದಿಬಿಟ್ಟೆ. ಮುಂದೆ ಎಲ್ಲದಕ್ಕೂ ಅವರದು "ಹೂಂ", "ಇಲ್ಲ", ಅಷ್ಟೇ. ಆ ರಾತ್ರಿ ನನಗೆ ಹೊಳೆಯಿತು. ಮುಂದಿನ ವಾರ ಬಂದ ಕೂಡಲೇ ಹೇಳಿದೆ, "ಹೋದ ಸಲ ನಿಮ್ಮ ಮಾತನ್ನ ತಿದ್ದಿದೆ. ತಪ್ಪು ಮಾಡಿದೆ, ಕ್ಷಮಿಸಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಶಾಲೆಯಲ್ಲಿ ಮೇಷ್ಟ್ರು ಅವರನ್ನು ಎಲ್ಲರ ಮುಂದೆ ನಿಲ್ಲಿಸಿ "ಹ" ಅನ್ನಿಸುತ್ತಿದ್ದರಂತೆ, ತಪ್ಪಿದಾಗಲೆಲ್ಲ ಮಕ್ಕಳು ನಗುತ್ತಿದ್ದರಂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟರು. ಅದಾದ ಮೇಲೆ ನನ್ನ ಹತ್ತಿರ ಎರಡೇ ಸಲ ಬಂದರು. ಆ ಎರಡು ಸಲವೂ ಮನಸ್ಸು ಬಿಚ್ಚಿ ಮಾತಾಡಿದರು.

ಕ್ಷಮೆ ಕೇಳುವಾಗ ಚಿಕ್ಕದಾಗಿ ಕೇಳಿ. ಏನು ಅಂದೆ ಅನ್ನುವುದನ್ನು ಹೆಸರಿಟ್ಟು ಹೇಳಿ. "ನಿಮಗೆ ಬೇಜಾರಾಗಿದ್ದರೆ" ಅಂತ ಸೇರಿಸಬೇಡಿ. ಬೇಜಾರಾಗಿದೆ ಅಂತ ನಿಮಗೆ ಗೊತ್ತಿದೆ, ಅಲ್ವಾ?

ಪ್ರಶ್ನೆ (ಧಾರವಾಡದ ಓದುಗರು):
ನಾನು ಮುಸ್ಲಿಂ. ಹುಟ್ಟಿದ್ದು, ಓದಿದ್ದು ಇಲ್ಲೇ, ಕನ್ನಡ ಮಾಧ್ಯಮ. ಡಾಕ್ಟರು ಪ್ರತಿ ಸಲ "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಅನ್ನುತ್ತಾರೆ. ಇದೂ ಅದೇನಾ?

ಉತ್ತರ:
ಹೌದು ಸರ್, ಅದೇ. ನಿಮ್ಮದೇ ಭಾಷೆಗೆ ನಿಮ್ಮನ್ನು ನೆಂಟರ ಹಾಗೆ ಮಾಡುವ ಮಾತದು. "ನನ್ನ ಭಾಷೆ ಅಲ್ವಾ ಡಾಕ್ಟ್ರೇ" ಅಂತ ಒಮ್ಮೆ ಹೇಳಿ ನೋಡಿ. ಬಹಳ ಜನಕ್ಕೆ ಅಷ್ಟರಲ್ಲೇ ಅರ್ಥವಾಗುತ್ತದೆ.

ಪ್ರಶ್ನೆ:
ಇದಕ್ಕೆಲ್ಲ ಕಾನೂನು ಇಲ್ಲವಾ ಮೇಡಂ? ದೂರು ಕೊಡಲು ಬರುವುದಿಲ್ಲವಾ?

ಉತ್ತರ:
ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 18ನೇ ಸೆಕ್ಷನ್ ಪ್ರಕಾರ ಲಿಂಗ, ಲೈಂಗಿಕ ಒಲವು, ಧರ್ಮ, ಜಾತಿ, ವರ್ಗ, ಅಂಗವೈಕಲ್ಯ, ಯಾವುದರ ಮೇಲೂ ಭೇದ ಮಾಡದೆ ಚಿಕಿತ್ಸೆ ಸಿಗಬೇಕು. ಸೇವೆಯಲ್ಲಿ ಕೊರತೆ ಆದರೆ ದೂರು ಕೊಡುವ ಹಕ್ಕು 28ನೇ ಸೆಕ್ಷನ್ನಿನಲ್ಲಿದೆ. ಮೊದಲು ಆ ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಆಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ. ಒಂದು ತೊಡಕು ಏನೆಂದರೆ, ಕೌನ್ಸೆಲರ್ ಅಂತ ಬೋರ್ಡು ಹಾಕಿದವರೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರ ಹತ್ತಿರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ. ಒಂದೇ ಒಂದು ಮಾತಿಗೆ ದೂರು ಕೊಡಿ ಅಂತ ನಾನು ಹೇಳುವುದಿಲ್ಲ. ಹೇಳಿದ ಮೇಲೂ ಅದೇ ನಡೆದರೆ ತಾರೀಖು, ಆಡಿದ ಮಾತು ಬರೆದಿಟ್ಟುಕೊಳ್ಳಿ.

ಮೊದಲು ಪ್ರಶ್ನೆ ಕೇಳಿದವರು:
ಮೇಡಂ, ಎದುರಿಗೆ ಕೂತು ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ. ಮೆಸೇಜ್ ಮಾಡಲಾ?

ಉತ್ತರ:
ಮಾಡಿ. ಹಿಂದಿನ ದಿನವೇ ಕಳಿಸಿ. ಅವರಿಗೂ ಯೋಚಿಸಲು ಒಂದು ರಾತ್ರಿ ಸಿಗುತ್ತದೆ. ನಾಲ್ಕು ಸಾಲು ಸಾಕು, ಕೊನೆಯಲ್ಲಿ "ನಾಳೆ ಮೊದಲು ಇದೇ ಮಾತಾಡೋಣ" ಅಂತ ಬರೆಯಿರಿ. ಈ ನಡುವೆ ರಾತ್ರಿ ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೇರೆಯವರನ್ನು ಹುಡುಕಬೇಕು ಅನ್ನಿಸಿದರೆ ನನಗೆ ಇಲ್ಲೇ ತಿಳಿಸಿ. ಹೊಸಬರಿಗೆ ಮೊದಲ ಫೋನಿನಲ್ಲೇ ಏನು ಕೇಳಬೇಕು ಅಂತ ಬರೆದು ಕೊಡುತ್ತೇನೆ.