ಆಕ್ಸೈಡೋ ಫ್ಲೋರೈಡೋ? ಹೇಗೆ ಗುರುತಿಸಿದಿರಿ, ಅನುಭವ ಹೇಳಿ

ಹರಳುಹುಡುಗಿ: ಎಚ್‌ಎಫ್‌ (ಹೈಡ್ರೋಫ್ಲೋರಿಕ್ ಆಮ್ಲ) ಹಾಕಿ ಬಾಂಬ್‌ನಲ್ಲಿ, ಅಂದರೆ ಬಿಗಿಯಾಗಿ ಮುಚ್ಚಿದ ಒತ್ತಡದ ಪಾತ್ರೆಯಲ್ಲಿ, ಬೆಳೆಸಿದ ನಿಯೋಬಿಯಂ ಆಕ್ಸಿಫ್ಲೋರೈಡ್ ಹರಳು. ನಿಯೋಬಿಯಂ ಸುತ್ತಲಿನ ಆರು ಬಂಧಗಳೂ ಉದ್ದದಲ್ಲಿ 1.89ರಿಂದ 1.97 ಆಂಗ್‌ಸ್ಟ್ರಾಮ್ ಒಳಗೇ ಇವೆ. ಯಾವುದು ಆಕ್ಸಿಜನ್, ಯಾವುದು ಫ್ಲೋರಿನ್ ಅಂತ ಪೇಪರ್ ಪರಿಶೀಲಿಸೋ ರೆಫರಿ ಕೇಳಿದ್ದಾರೆ. ನೀವೆಲ್ಲ ಏನು ಮಾಡಿದಿರಿ?

ಬಂಧಲೆಕ್ಕ: ನಂದೂ ನಿಯೋಬಿಯಮ್ಮೇ, ಪೊಟ್ಯಾಸಿಯಂ ಜೊತೆ. ಅಯಾನ್ ಆದಾಗ ಆಕ್ಸಿಜನ್, ಫ್ಲೋರಿನ್ ಎರಡಕ್ಕೂ ಹತ್ತತ್ತು ಎಲೆಕ್ಟ್ರಾನ್, ಎಕ್ಸ್‌ರೇ ಕಣ್ಣಿಗೆ ಅವಳಿ ಮಕ್ಕಳು. ಅದಲು ಬದಲು ಮಾಡಿ ಎಷ್ಟು ಸಲ ರಿಫೈನ್ ಮಾಡಿದರೂ (ಮಾದರಿಯನ್ನು ಅಳತೆಗೆ ಹೊಂದಿಸಿದರೂ) ಆರ್ ಬೆಲೆ, ಅಂದರೆ ಅವೆರಡರ ನಡುವಿನ ವ್ಯತ್ಯಾಸದ ಅಂಕಿ, ಜಗ್ಗಲಿಲ್ಲ. ಮೂರು ತಿಂಗಳು ಹಾಗೇ ಹೋಯಿತು. ಕೊನೆಗೆ ಬಾಂಡ್ ವೇಲೆನ್ಸ್ ಲೆಕ್ಕ ಹಾಕಿದೆ: ಬಂಧದ ಉದ್ದದಿಂದ ಅದರ ಬಲ ಅಳೆಯೋದು, ಒಂದು ಪರಮಾಣುವಿನ ಬಂಧಗಳ ಮೊತ್ತ ಅದರ ವೇಲೆನ್ಸಿಗೆ ಹೊಂದಬೇಕು. 1.74ರ ಗಿಡ್ಡ ಬಂಧದ ಜಾಗದಲ್ಲಿ ಫ್ಲೋರಿನ್ ಇಟ್ಟರೆ ಅದೊಂದಕ್ಕೇ 1.42 ಬರುತ್ತೆ, ಫ್ಲೋರೈಡಿಗೆ ಬೇಕಿರೋದು 1. ಆಕ್ಸಿಜನ್ ಇಟ್ಟರೆ 1.59, ಬೇಕಾದ 2ಕ್ಕೆ ಉಳಿದದ್ದನ್ನು ಪೊಟ್ಯಾಸಿಯಂ ತುಂಬಿಸುತ್ತೆ. ಅದರ ಎದುರು ತುದಿಯದು 2.10, ಖಂಡಿತ ಫ್ಲೋರಿನ್. ಖರ್ಚು ಸೊನ್ನೆ. ರೆಫರಿ ತುಟಿ ಬಿಚ್ಚಲಿಲ್ಲ.

ತಿಂಗಳ_ಬೆಳಕು: ನಾನು ಮಾಡಿದ್ದು ಟೈಟಾನಿಯಂ. ಗೈಡ್ "ಎಕ್ಸ್‌ರೇ ಬದಲು ನ್ಯೂಟ್ರಾನ್ ಕಿರಣಕ್ಕೆ ಹೋಗು" ಅಂದರು. 5 ಗ್ರಾಂ ಪುಡಿಗೆ 14 ಬಾಂಬ್ ಇಟ್ಟೆ, ಎರಡು ಟೆಫ್ಲಾನ್ ಲೈನರ್ ಸೀಳಿದವು, ಒಂದೊಂದಕ್ಕೆ 3,800 ರೂಪಾಯಿ. ಬೀಮ್ ಟೈಮಿಗೆ (ಆ ಕಿರಣ ಬಳಸೋ ಸರದಿಗೆ) ಎಂಟು ತಿಂಗಳು ಕಾದೆ.

ಕಬ್ಬಿಣದಣ್ಣ: ನ್ಯೂಟ್ರಾನ್ ಚದುರಿಸೋ ಅಳತೆ ಆಕ್ಸಿಜನ್‌ದು 5.80 ಫೆಮ್ಟೋಮೀಟರ್, ಫ್ಲೋರಿನ್‌ದು 5.65, ಹೆಚ್ಚುಕಮ್ಮಿ ಒಂದೇ. ಆ ಪಟ್ಟಿ ನೋಡದೆ ಎಂಟು ತಿಂಗಳು ಕಾದಿರಾ?

ತಿಂಗಳ_ಬೆಳಕು: ಪೂರ್ತಿ ಓದಿ ಸ್ವಾಮಿ. ಪುಡಿಯಲ್ಲಿದ್ದದ್ದು ಹೈಡ್ರಾಕ್ಸೈಡ್ (ಓಎಚ್)! ಹೈಡ್ರೋಜನ್‌ದು ಮೈನಸ್ 3.74, ಮೇಲಾಗಿ ಅದು ನ್ಯೂಟ್ರಾನ್‌ಗಳನ್ನು ಎಲ್ಲೆಡೆ ಚದುರಿಸುತ್ತೆ; ಹಿನ್ನೆಲೆ ಮೇಲೆದ್ದದ್ದು ನೋಡಿದ ಕೂಡಲೇ ಗೊತ್ತಾಯಿತು. ನಾನು ಫ್ಲೋರಿನ್ ಅಂತ ಬರೆದಿಟ್ಟಿದ್ದರಲ್ಲಿ ಅರ್ಧ ಓಎಚ್. ಬರೀ ಬಂಧಲೆಕ್ಕ ನಂಬಿದ್ದರೆ ತಪ್ಪನ್ನೇ ಅಚ್ಚು ಹಾಕಿಸ್ತಿದ್ದೆ.

ಕಬ್ಬಿಣದಣ್ಣ: ನನ್ನ ಕಥೆ ಕೇಳಿ. ಕಬ್ಬಿಣದ ಆಕ್ಸಿಫ್ಲೋರೈಡ್. ಮೊದಲು ಸಿಲಿಕಾ ಆಂಪ್ಯೂಲಲ್ಲಿ ಕಾಯಿಸಿದೆ, ಫ್ಲೋರಿನ್ ಸಿಲಿಕಾನೇ ತಿಂದುಹಾಕಿತು. ಆಮೇಲೆ ಪ್ಲಾಟಿನಂ ಕೊಳವೆ, ಅದರ ಬಿಲ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಇಡಿಎಕ್ಸ್‌ನಲ್ಲಿ (ಹೊಮ್ಮೋ ಎಕ್ಸ್‌ರೇ ನೋಡಿ ಧಾತು ಗುರುತಿಸೋ ವಿಧಾನ) ಫ್ಲೋರಿನ್ 0.677 ಕೆಇವಿ, ಕಬ್ಬಿಣದ ಎಲ್ ಗೆರೆ 0.705. ಒಂದರ ಮೇಲೊಂದು ಕೂತಿವೆ. ಆ ಅಂಕಿ ನಂಬಿ ಕಳಿಸಿದ ಪೇಪರ್ ವಾಪಸ್ ಬಂತು. ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜದ ಸಂಕೇತ ಓದೋ ವಿಧಾನ) ಮಾಡಿಸಿದೆ, ಕಬ್ಬಿಣದ ಕಾಂತೀಯತೆಗೆ ಗೆರೆ ಚಪ್ಪಟೆಯಾಗಿ ಹೋಯಿತು. ಕೊನೆಗೆ ಪೈರೋಹೈಡ್ರಾಲಿಸಿಸ್ ಮಾಡಿ, ಅಂದರೆ ಬಿಸಿ ಹಬೆಯಲ್ಲಿ ಫ್ಲೋರಿನ್ ಬಿಡಿಸಿ, ಫ್ಲೋರೈಡ್ ಎಲೆಕ್ಟ್ರೋಡಲ್ಲಿ ಅಳೆದೆ. ಅದೇ ಸತ್ಯ.

ಬಂಧಲೆಕ್ಕ: ಎಷ್ಟಿದೆ ಅಂತ ಗೊತ್ತಾದರೆ ಎಲ್ಲಿದೆ ಅಂತ ಗೊತ್ತಾಗುತ್ತಾ? ಪ್ರಶ್ನೆ ಜಾಗದ್ದು.

ಕಬ್ಬಿಣದಣ್ಣ: ಎಷ್ಟಿದೆ ಅನ್ನೋದೇ ಗೊತ್ತಿಲ್ಲದೆ ಜಾಗ ಹಂಚೋರು ನೀವು.

ತಿಂಗಳ_ಬೆಳಕು: ಇಬ್ಬರೂ ಕಿತ್ತಾಡೋ ಮುಂಚೆ ಆ ಹುಡುಗಿಗೆ ಎಚ್‌ಎಫ್ ಸುಟ್ಟಗಾಯಕ್ಕೆ ಹಚ್ಚೋ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲಿ ಇಟ್ಕೋ ಅಂತ ಹೇಳಬಾರದಾ? ನಮ್ಮ ಲ್ಯಾಬಲ್ಲಿ ಒಬ್ಬನ ಬೆರಳು ಹೋಗೋದರಲ್ಲಿತ್ತು.

ಕಬ್ಬಿಣದಣ್ಣ: ಅದನ್ನೂ ಗೊತ್ತಿಲ್ಲದೆ ಎಚ್‌ಎಫ್ ಮುಟ್ಟೋರಿಗೆ ಬಾಟ್ಲಿ ಕೊಟ್ಟ ಗೈಡ್‌ನ ಕೇಳಿ.

ತಿಂಗಳ_ಬೆಳಕು: ಗೈಡ್ ಊರಲ್ಲೇ ಇರದ ದಿನ ಅದು. ಹಾಗೆ ಮಾತಾಡಬೇಡಿ.

ಹರಳುಹುಡುಗಿ: ಜೆಲ್ ಫ್ರಿಜ್ಜಲ್ಲಿದೆ ಅಕ್ಕ. ಆದರೆ ಸಾರ್, ನನ್ನ ಹರಳಲ್ಲಿ 1.74 ಇಲ್ಲವೇ ಇಲ್ಲ.

ಬಂಧಲೆಕ್ಕ: ಹಾಗಾದರೆ ಗಿಡ್ಡ ಆಕ್ಸಿಜನ್ ತುದಿ, ಉದ್ದ ಫ್ಲೋರಿನ್ ತುದಿ, ತಲೆ ಬಾಲ ಎರಡೂ ಕಡೆ ಹಂಚಿಹೋಗಿದೆ. ನೀನು ನೋಡ್ತಿರೋದು ಸರಾಸರಿ. ಎಲಿಪ್ಸಾಯ್ಡ್‌ಗಳು (ಪರಮಾಣು ಎಷ್ಟು ಅಲುಗಿದೆ ಅಂತ ತೋರಿಸೋ ಮೊಟ್ಟೆ ಆಕಾರಗಳು) ಬಂಧದ ಉದ್ದಕ್ಕೆ ಎಳೆದಿವೆಯಾ ನೋಡು. ನಿನ್ನದು ಡಿ-ಸೊನ್ನೆ ಲೋಹ (ಡಿ ಎಲೆಕ್ಟ್ರಾನ್ ಉಳಿದಿಲ್ಲದ್ದು), ಕಾಂತೀಯತೆಯ ಕಾಟ ಇಲ್ಲ. ಫ್ಲೋರಿನ್ ಎನ್‌ಎಂಆರ್ ಮಾಡಿಸಬಹುದು.

ತಿಂಗಳ_ಬೆಳಕು: ಅದಕ್ಕೂ ಮುಂಚೆ ಐಆರ್ (ಅವಗೆಂಪು ಬೆಳಕಿನ ಪರೀಕ್ಷೆ). ಓಎಚ್ ಇಲ್ಲ ಅಂತ ತೋರಿಸದೆ ಯಾವ ಲೆಕ್ಕವೂ ಬೇಡ.

ಹರಳುಹುಡುಗಿ: ಇವತ್ತು ಐಆರ್ ತೆಗೆದೆ. ಪ್ರತಿ ಸೆಂಟಿಮೀಟರಿಗೆ 3,400ರ ಹತ್ತಿರ, ಓಎಚ್ ಕಾಣೋ ಜಾಗದಲ್ಲೇ, ಅಗಲವಾದ ಗುಡ್ಡ ಇದೆ. ಎನ್‌ಎಂಆರ್‌ಗೆ ಸೋಮವಾರ ಪುಡಿ ಕೊಡ್ತೀನಿ.

ತಿಂಗಳ_ಬೆಳಕು: 1,630ರ ಹತ್ತಿರವೂ ಏನಾದರೂ ಇದೆಯಾ? ಇದ್ದರೆ ನೀರು ಸೇರಿದೆ. ಪುಡಿ ಬೆರೆಸೋ ಪೊಟ್ಯಾಸಿಯಂ ಬ್ರೋಮೈಡ್ ನೀರು ಹೀರುತ್ತೆ, ಅದನ್ನು ಒಣಗಿಸಿ ಇನ್ನೊಂದು ಸಲ ತೆಗೆ ಮಾರಾಯ್ತಿ.