ಕ್ಲಿಕ್ ಪೆನ್ ಒಳಗೆ ಏನಿದೆ? ಒಂದೇ ಬಟನ್ ಒಮ್ಮೆ ಹೊರಗೆ, ಒಮ್ಮೆ ಒಳಗೆ ಹೆಂಗೆ?

ಪೆನ್ನು_ಬಿಚ್ಚಿದವ:
ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ, ನಗಬೇಡಿ. ಟಿಕ್ ಟಿಕ್ ಅನ್ನೋ ಬಾಲ್ ಪೆನ್ ಇದೆಯಲ್ಲ, ಒಂದ್ಸಲ ಒತ್ತಿದ್ರೆ ಮೊನೆ ಹೊರಗೆ ಬಂದು ನಿಲ್ಲುತ್ತೆ, ಅದೇ ಬಟನ್ ಅದೇ ಥರ ಇನ್ನೊಂದ್ಸಲ ಒತ್ತಿದ್ರೆ ಒಳಗೆ ಹೋಗುತ್ತೆ. ನಾನು ಎರಡೂ ಸಲ ಮಾಡೋದು ಒಂದೇ ಕೆಲಸ, ಈಗ ಯಾವುದರ ಸರದಿ ಅಂತ ಅದಕ್ಕೆ ಹೆಂಗೆ ನೆನಪಿರುತ್ತೆ? ನಿನ್ನೆ ಬಿಚ್ಚಿ ನೋಡೋಕೆ ಹೋದೆ, ಸ್ಪ್ರಿಂಗ್ ಹಾರಿ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು, ಒಳಗೆ ಸಿಕ್ಕಿದ್ದು ಹಲ್ಲು ಹಲ್ಲಾಗಿರೋ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಅಷ್ಟೇ. ಹಾಗೇ ವಾಪಸ್ ಜೋಡಿಸಿದೆ, ಈಗ ಬಟನ್ ಲೊಡಲೊಡ ಅನ್ನುತ್ತೆ, ಕ್ಲಿಕ್ಕೇ ಇಲ್ಲ. ಸ್ಪ್ರಿಂಗ್ ಇರೋದು ಬರೀ ರೀಫಿಲ್ ಹಿಂದಕ್ಕೆ ತಳ್ಳೋಕೆ ತಾನೆ, ಕ್ಲಿಕ್ಕಿಗೂ ಅದಕ್ಕೂ ಏನು ಸಂಬಂಧ?

ಗೇರು_ಗಿರಾಕಿ:
ಗುರೂ, ಆ ಲೊಡಲೊಡದಲ್ಲೇ ಉತ್ತರ ಇದೆ. ತಿರುಗಿಸೋದೇ ಸ್ಪ್ರಿಂಗು.
ಎರಡು ತುಂಡಲ್ಲಿ ಬಟನ್ ಕಡೇದು ಮೇಲೆ ಕೆಳಗೆ ಜಾರುತ್ತೆ ಅಷ್ಟೇ, ತಿರುಗಲ್ಲ. ರೀಫಿಲ್ ತಲೆ ಮೇಲೆ ಕೂತಿರೋದು ತಿರುಗುತ್ತೆ. ಅದರ ಮೈಮೇಲೆ ಉದ್ದುದ್ದ ಏಣುಗಳಿವೆ ನೋಡಿ, ಪೆನ್ನಿನ ಒಳಗೋಡೆಯಲ್ಲಿ ಅವಕ್ಕೆ ಅಂತ ಜಾಡು ಇರುತ್ತೆ. ಏಣು ಜಾಡಲ್ಲಿರೋ ತನಕ ಅಲುಗಾಡೋಕಾಗಲ್ಲ. ನೀವು ಒತ್ತಿದಾಗ ಜಾಡಿನ ತುದಿ ದಾಟಿ ಕೆಳಗೆ ಬರುತ್ತೆ, ಅಲ್ಲಿ ಹಿಡಿಯೋರು ಯಾರೂ ಇಲ್ಲ, ಕೆಳಗಿಂದ ಸ್ಪ್ರಿಂಗ್ ಒತ್ತುತ್ತಾನೇ ಇದೆ, ಎರಡೂ ತುಂಡಿನ ಹಲ್ಲುಗಳು ಓರೆಯಾಗಿರೋದರಿಂದ ಒಂದರ ಮೇಲೊಂದು ಜಾರಿ ಸ್ವಲ್ಪ ತಿರುಗಿಬಿಡುತ್ತೆ. ಬೆರಳು ಬಿಟ್ಟಾಗ ಬಟನ್ ಮೇಲೆ ಹೋಗುತ್ತೆ, ಆಗ ಗೋಡೆ ತುದಿಯ ಓರೆ ಹಲ್ಲು ಇದನ್ನ ಹಿಡ್ಕೊಂಡು ಇನ್ನಷ್ಟು ಜಾರಿಸುತ್ತೆ. ಗೋಡೆ ಸುತ್ತ ಒಂದು ಜಾಡು, ಒಂದು ಕಚ್ಚು, ಮತ್ತೆ ಜಾಡು, ಮತ್ತೆ ಕಚ್ಚು ಹಿಂಗೇ ಇರುತ್ತೆ. ಏಣು ಕಚ್ಚಿಗೆ ಸಿಕ್ಕಿಕೊಂಡ್ರೆ ಮೊನೆ ಹೊರಗೆ, ಜಾಡಿಗೆ ಬಿದ್ರೆ ಒಳಗೆ. ಆ ತುಂಡು ಎಲ್ಲಿಗೆ ತಿರುಗಿ ನಿಂತಿದೆಯೋ ಅದೇ ಅದರ ನೆನಪು. ಒಂದೇ ದಿಕ್ಕಿಗೆ ಸುತ್ತುತ್ತೆ, ಹಿಂದಕ್ಕೆ ಬರೋ ಮಾತೇ ಇಲ್ಲ.

ನಿಧಾನಿ:
ನಂಬಿಕೆ ಬರ್ಲಿಲ್ಲ ಅಂದ್ರೆ ಪಾರದರ್ಶಕ ಪೆನ್ ತಗೊಂಡು ಆ ತುಂಡಿಗೆ ಮಾರ್ಕರಲ್ಲಿ ಚುಕ್ಕೆ ಇಟ್ಟು ಒತ್ತಿ ನೋಡಿ, ಪ್ರತಿ ಕ್ಲಿಕ್ಕಿಗೂ ಚುಕ್ಕೆ ಜರುಗುತ್ತೆ. ಇನ್ನೊಂದು, ತುಂಬಾ ನಿಧಾನ ಒತ್ತಿದ್ರೆ ಮೊನೆ ಬೇಕಾದ್ದಕ್ಕಿಂತ ಚೂರು ಜಾಸ್ತಿ ಹೊರಗೆ ಬಂದು, ಬೆರಳು ಬಿಟ್ಟಮೇಲೆ ಒಂಚೂರು ಹಿಂದೆ ಸರಿದು ಕೂರುತ್ತೆ. ಆ ಜಾಸ್ತಿ ಹೋಗೋದೇ ಏಣು ಜಾಡಿನ ತುದಿ ದಾಟೋಕೆ. ವರ್ಷಗಟ್ಟಲೆ ಮೀಟಿಂಗಲ್ಲಿ ಟಿಕ್ ಟಿಕ್ ಮಾಡ್ಕೊಂಡು ಕೂತಿದ್ದೀನಿ, ಇದನ್ನ ಗಮನಿಸಿದ್ದು ಮೊನ್ನೆ!

ತಂತಿ_ತಜ್ಞ:
ಒಂದು ತಿದ್ದುಪಡಿ. ಒತ್ತಿದ್ರೆ ಒಳಗೆ ಮತ್ತೆ ಒತ್ತಿದ್ರೆ ಹೊರಗೆ ಅನ್ನೋದಕ್ಕೆಲ್ಲ ಇದೇ ಟೆಕ್ನಿಕ್ ಅಂತ ಯಾರೂ ಅಂದ್ಕೋಬೇಡಿ. ಮೆಮೊರಿ ಕಾರ್ಡ್ ಸ್ಲಾಟು, ಒತ್ತಿದ್ರೆ ಅಲ್ಲೇ ನಿಲ್ಲೋ ಸ್ವಿಚ್ಚು, ಇವುಗಳಲ್ಲಿ ತುಂಬಾ ಕಡೆ ತಿರುಗೋ ತುಂಡೇ ಇರಲ್ಲ. ಹೃದಯದ ಆಕಾರದ ಒಂದು ಜಾಡು, ಅದರೊಳಗೆ ಸಣ್ಣ ತಂತಿಯ ತುದಿ ಓಡಾಡುತ್ತೆ. ಒತ್ತಿದ್ರೆ ಒಂದು ಬದಿಯಿಂದ ಹೋಗಿ ಹೃದಯದ ನಡುವಿನ ತಗ್ಗಲ್ಲಿ ಸಿಕ್ಕಿಕೊಳ್ಳುತ್ತೆ, ಇನ್ನೊಂದ್ಸಲ ಒತ್ತಿದ್ರೆ ಇನ್ನೊಂದು ಬದಿಯಿಂದ ವಾಪಸ್. ಬಂದ ದಾರೀಲೇ ಹಿಂದಕ್ಕೆ ಹೋಗಬಾರದು ಅಂತ ಜಾಡಿನ ತಳದಲ್ಲಿ ಸಣ್ಣ ಸಣ್ಣ ಮೆಟ್ಟಿಲು ಮಾಡಿರ್ತಾರೆ, ಇಳಿದ ತಂತಿಗೆ ಹತ್ತೋಕಾಗಲ್ಲ. ನನಗೆ ಪೆನ್ನಿಗಿಂತ ಇದೇ ಇಷ್ಟ.

ಶಾಯಿಬೆರಳು:
ವಿಷಯ ಬಿಟ್ಟು ಒಂದು ಮಾತು, ಪೆನ್ನಿನ ಮೇಲೆ 0.7 ಅಂತ ಬರೆದಿರುತ್ತಲ್ಲ, ಅದು ಗೆರೆ ದಪ್ಪ ಅಲ್ಲ, ಮೊನೆಯಲ್ಲಿರೋ ಗುಂಡಿನ ಅಡ್ಡಳತೆ, ಮಿಲಿಮೀಟರಲ್ಲಿ. ಗೆರೆ ಅದಕ್ಕಿಂತ ತೆಳು ಬರುತ್ತೆ. ಗುಂಡಿನ ಪೆನ್ನಿಗೆ ಜಾನ್ ಲೌಡ್ ಅನ್ನೋನು 1888ರಲ್ಲೇ ಪೇಟೆಂಟ್ ತಗೊಂಡಿದ್ದ, ಆದ್ರೆ ಅದು ತೊಗಲಿನಂಥ ಒರಟು ವಸ್ತು ಮೇಲೆ ಗುರುತು ಹಾಕೋಕೆ. ಕಾಗದಕ್ಕೆ ಸರಿಹೋಗೋ ಶಾಯಿ, ಗುಂಡು ಎರಡನ್ನೂ ಕೂಡಿಸಿದ್ದು ಲಾಸ್ಲೊ ಬಿರೊ, 1938ರ ಹೊತ್ತಿಗೆ.

ಪೆನ್ನು_ಬಿಚ್ಚಿದವ:
ಥ್ಯಾಂಕ್ಸ್ ಎಲ್ಲರಿಗೂ. ಬೇರೆ ಪೆನ್ನಿನ ಸ್ಪ್ರಿಂಗ್ ಹಾಕಿದೆ, ಸ್ವಲ್ಪ ಗಟ್ಟಿ, ಹೆಬ್ಬೆರಳು ನೋಯುತ್ತೆ, ಆದ್ರೆ ಕ್ಲಿಕ್ ವಾಪಸ್ ಬಂತು! ಚುಕ್ಕೆ ಇಟ್ಟೂ ನೋಡಿದೆ, ನಿಜವಾಗ್ಲೂ ತಿರುಗುತ್ತೆ ಮಾರಾಯ್ರೆ. ಈಗ ಸ್ಪ್ರಿಂಗ್ ಕಳ್ಕೊಂಡಿರೋ ಪೆನ್ನು ಆ ಇನ್ನೊಂದು.

ತಂತಿ_ತಜ್ಞ:
ಕಾರ್ಡ್ ಸ್ಲಾಟ್ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ಆ ತಂತಿ ನಿಮ್ಮ ಸ್ಪ್ರಿಂಗಿಗಿಂತ ಚಿಕ್ಕದು.